ಕರೆಯುವ ಹೆಸರು

ನನ್ನ ಗಂಡ ಪೊಲೀಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕಪ್ಪು ಅಂಗಿ ತೊಟ್ಟು, ಎದೆಯ ಮೇಲೆ ಬಿಳಿ ಅಕ್ಷರದ ಪಟ್ಟಿ ಅಂಟಿಸಿಕೊಂಡು, ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿಕೊಂಡು ಬೀಚಿನ ರಸ್ತೆಗೆ ಇಳಿದನೆಂದರೆ ನೋಡಿದವರೆಲ್ಲ ಯಾರೋ ದೊಡ್ಡ ಸಾಹೇಬರು ಬಂದರು ಎಂದುಕೊಳ್ಳುತ್ತಾರೆ. ಸಂಬಳ ಇಲ್ಲ, ಲಾಠಿ ಇಲ್ಲ. ಬೂಟು ಸ್ವಂತದ್ದು, ಪೆಟ್ರೋಲು ಸ್ವಂತದ್ದು. ಪ್ರವಾಸಿಗಳ ಪೊಲೀಸ್ ಠಾಣೆಗೆ ನೆರವಾಗುವ ಪರದೇಶದ ಸ್ವಯಂಸೇವಕ ಎಂದು ಸರ್ಕಾರ ಅವನನ್ನು ಕರೆಯುತ್ತದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ನಾನು ಕರೆಯುತ್ತೇನೆ.

ಅವನ ಹೆಸರು ತೋರ್‌ಸ್ಟೈನ್. ನಾರ್ವೆಯವನು. ಆ ಹೆಸರು ಹೇಳಲು ಹೋದರೆ ನಮ್ಮವರ ನಾಲಿಗೆ ಗಂಟು ಬೀಳುತ್ತದೆ, ಹಾಗಾಗಿ ಊರಿಗೆಲ್ಲ ಅವನು ಲುಂಗ್ ತೋ, ತೋ ಮಾಮ. ತೋ ಎಂದರೆ ನಮ್ಮ ಭಾಷೆಯಲ್ಲಿ ದೊಡ್ಡದು ಎಂದರ್ಥ. ಸರಿಯಾಗಿಯೇ ಇದೆ. ಅವನ ಹಣೆ ಬಡಿದು ಬಡಿದು ನಮ್ಮ ಮನೆಯ ಬಾಗಿಲಿನ ಮೇಲ್ಪಟ್ಟಿಯ ಬಣ್ಣವೇ ಹೋಗಿದೆ.

ಅವನ ಕೆಲಸ ಏನೆಂದರೆ, ಪರಂಗಿಗಳು ಹೇಳಿದ್ದನ್ನು ನಮ್ಮವರಿಗೆ ಹೇಳುವುದು, ನಮ್ಮವರು ಹೇಳಿದ್ದನ್ನು ಪರಂಗಿಗಳಿಗೆ ಹೇಳುವುದು. ಫೋನು ಕಳೆದುಕೊಂಡವರು, ಕುಡಿದು ಹೋಟೆಲಿನ ದಾರಿ ಮರೆತವರು, ಕಡಲಲ್ಲಿ ಮುಳ್ಳು ತುಳಿದು ಸಾಯುತ್ತೇನೆಂದು ಚೀರುವವರು, ಗಂಡನ ಜೊತೆ ಜಗಳ ಮಾಡಿಕೊಂಡು ಮರಳಿನ ಮೇಲೆ ಕೂತು ಅಳುವವರು, ಎಲ್ಲರೂ ಅವನ ಪಾಲಿಗೆ. ಅದರಲ್ಲಿ ಅವನಿಗೊಂದು ಹಟ. ಒಂದು ಮಾತು ಸೇರಿಸುವುದಿಲ್ಲ, ಒಂದು ಮಾತು ಬಿಡುವುದಿಲ್ಲ. ಒಮ್ಮೆ ಕುಡಿದ ಪ್ರವಾಸಿಯೊಬ್ಬ ಠಾಣೆಯಲ್ಲಿ ನಮ್ಮ ದಫೇದಾರ ವಿಚಿಯೆನ್‌ಗೆ ಬಾಯಿಗೆ ಬಂದಂತೆ ಬೈದನಂತೆ. ಇವನು ಸೆಟೆದು ನಿಂತು, "ಇವರು ನಿಮ್ಮನ್ನ ಹಂದಿ ಅಂತಿದಾರೆ ಸಾರ್, ದಪ್ಪ ಹಂದಿ ಅಂತೆ" ಎಂದ.

ವಿಚಿಯೆನ್ ತನ್ನ ಹೊಟ್ಟೆ ನೋಡಿಕೊಂಡು, "ದಪ್ಪ ಅಂತ ಅವನಂದನಾ, ಇಲ್ಲಾ ನೀನು ಸೇರಿಸಿದೆಯಾ?" ಎಂದು ಕೇಳಿದ.

"ಅವರೇ ಅಂದಿದ್ದು ಸಾರ್. ನಾನಾಗಿದ್ರೆ ಬರೀ ಹಂದಿ ಅಂತಿದ್ದೆ."

ಠಾಣೆಯಲ್ಲಿ ಆ ದಿನ ಯಾರೂ ಕೆಲಸ ಮಾಡಲಿಲ್ಲವಂತೆ, ನಕ್ಕಿದ್ದೇ ನಕ್ಕಿದ್ದು.

ನನ್ನ ಅಂಗಡಿ ಇರುವುದು ಗುಡ್ಡದ ಮೇಲಿಂದ ಕಡಲು ನೋಡಲು ಹೋಗುವ ರಸ್ತೆಯ ತಿರುವಿನಲ್ಲಿ. ಐಸ್ ಕಾಫಿ, ಬೇಯಿಸಿದ ಕಡಲೆಕಾಯಿ, ಕರಿದ ಬಾಳೆಹಣ್ಣು. ಒಂದು ದಿನ ಪರಂಗಿ ಹುಡುಗನೊಬ್ಬ ಬೆಳಿಗ್ಗೆಯೇ ಬಂದಿದ್ದ, ಬಾಡಿಗೆ ಸ್ಕೂಟರಿನಲ್ಲಿ. ಕಾಫಿ ಕುಡಿದು, ಬೆರಳೆತ್ತಿ ತೋರಿಸಿ, "ಅರೊಯ್, ಅರೊಯ್" ಎಂದ. ರುಚಿಯಾಗಿದೆ ಎಂದು ಹೇಳಲು ಕಲಿತುಕೊಂಡು ಬಂದಿದ್ದ, ಪಾಪ. ಇನ್ನೊಂದು ಬಾಳೆಹಣ್ಣು ಕೈಗಿಟ್ಟೆ. ಹೆಲ್ಮೆಟ್ ಹಾಕಿಕೊಂಡೇ ಹೊರಟ. ಹಿಂದಿನ ದಿನದ ಮಳೆಗೆ ಗುಡ್ಡದ ಮರಳು ರಸ್ತೆಗೆ ಇಳಿದಿತ್ತು. ಸದ್ದು ಕೇಳಿ ನಾನು ಓಡುವಷ್ಟರಲ್ಲಿ ಅವನು ಬೇಲಿಯ ಕೆಳಗೆ ಹುಲ್ಲಿನ ಮೇಲೆ ಬಿದ್ದಿದ್ದ. ಮುಖದಲ್ಲಿ ಒಂದು ಗೀರೂ ಇಲ್ಲ. ನಾನು ಕೈ ಹಿಡಿದುಕೊಂಡು ಕೂತೆ. ಆಂಬುಲೆನ್ಸ್ ಬರುವ ಮೊದಲೇ ಆ ಕೈ ಸುಮ್ಮನಾಯಿತು.

ರಸ್ತೆಯಲ್ಲಿ ಹೋದ ಜೀವಕ್ಕೆ ತಾನು ಹೋದದ್ದೇ ತಿಳಿಯುವುದಿಲ್ಲ. ಬಿದ್ದಲ್ಲೇ ಎದ್ದು ನಿಂತಿರುತ್ತದೆ, ಯಾರಾದರೂ ಬರುತ್ತಾರೆಂದು. ಮನೆಯವರು ಬಂದು, ಊದುಬತ್ತಿ ಹಚ್ಚಿ, ಹೆಸರು ಹಿಡಿದು ಕರೆದು, ತಿರುವು ಬಂತು ನೋಡು, ಸೇತುವೆ ಬಂತು ನೋಡು ಎಂದು ದಾರಿ ಹೇಳುತ್ತಾ ಕರೆದುಕೊಂಡು ಹೋಗಬೇಕು. ಇಲ್ಲದಿದ್ದರೆ ಅದು ಅಲ್ಲೇ ಉಳಿಯುತ್ತದೆ. ಈ ಹುಡುಗನ ಮನೆಯವರು ಎಲ್ಲೋ ಹಿಮದ ದೇಶದಲ್ಲಿ. ಅವರು ಬರುವವರೆಗೆ ಹುಡುಗನನ್ನು ಬಿಸಿಲಲ್ಲಿ ನಿಲ್ಲಿಸುವುದೆಂತು ಎಂದು ದಫೇದಾರ ವಿಚಿಯೆನ್ ಮರುದಿನವೇ ತಾನೇ ಮುಂದೆ ನಿಂತು ಕರೆಯುವ ಶಾಸ್ತ್ರ ಮಾಡಿಸಿದ. ಅವನದು ಅಂಥ ಮನಸ್ಸು. ಭಿಕ್ಷುಗಳನ್ನು ಕರೆತಂದ, ಅನ್ನ ಮೊಟ್ಟೆ ಇಟ್ಟ, ಬಿಳಿ ದಾರ ಕಟ್ಟಿದ. ಆಮೇಲೆ ಮೊಣಕಾಲೂರಿ ಕೈ ಮುಗಿದು, ಸ್ವಂತ ತಮ್ಮನನ್ನು ಎಬ್ಬಿಸುವವನ ಹಾಗೆ ನೊಂಗ್, ಅಂದರೆ ತಮ್ಮ, ಎಂದು ಕರೆದ.

"ನೊಂಗ್ ಏಕ್, ಏಳು ತಮ್ಮ. ಇಲ್ಲಿ ಯಾಕೆ ನಿಂತಿದೀಯ? ಬಾ, ಭಿಕ್ಷುಗಳ ವಿಹಾರಕ್ಕೆ ಹೋಗೋಣ. ನಿಮ್ಮಮ್ಮ ಬರ್ತಿದಾಳೆ."

ಜೀವ ಒಪ್ಪಿತೋ ಇಲ್ಲವೋ ಎಂದು ತಿಳಿಯಲು ಎರಡು ನಾಣ್ಯ ಚಿಮ್ಮುತ್ತೇವೆ. ನಮ್ಮ ನಾಣ್ಯದ ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ದೇಗುಲ. ಒಂದು ತಲೆ, ಒಂದು ದೇಗುಲ ಬಿದ್ದರೆ ಬಂದೆ ಎಂದರ್ಥ. ಎರಡೂ ಒಂದೇ ಬಿದ್ದರೆ ಒಲ್ಲೆ ಎಂದರ್ಥ. ಮೂರು ಸಲದವರೆಗೆ ಕೇಳಬಹುದು. ವಿಚಿಯೆನ್ ಚಿಮ್ಮಿದ, ಎರಡೂ ದೇಗುಲ. ಮತ್ತೆ ಚಿಮ್ಮಿದ, ಎರಡೂ ದೇಗುಲ. ಮೂರನೇ ಸಲ ನೆಲಕ್ಕೆ ಬೀಳುತ್ತಿದ್ದಂತೆಯೇ ಅಂಗೈಯಿಂದ ಮುಚ್ಚಿ, ಇಣುಕಿ ನೋಡಿ, "ಬಂದ, ಬಂದ!" ಎಂದ. ನನಗಂತೂ ಏನೂ ಕಾಣಲಿಲ್ಲ. ಪೊಲೀಸರ ಕೈ ಎತ್ತಿಸಿ ನೋಡುವುದಕ್ಕಾಗುತ್ತದೆಯೇ!

ಅಮ್ಮ ಬಂದಳು. ಅನ್ನೆಲಿ ಎಂದು ಹೆಸರು. ಸ್ವೀಡನ್ನಿನ ಆರ್ವಿಕಾ ಎಂಬ ಊರು, ನನ್ನ ಗಂಡನ ಊರಿನಿಂದ ಗಡಿ ದಾಟಿದರೆ ಅಲ್ಲೇ. ಇಬ್ಬರ ಭಾಷೆಯೂ ಅಕ್ಕಪಕ್ಕದ ಮನೆಯಂತೆ, ಒಬ್ಬರದು ಒಬ್ಬರಿಗೆ ತಿಳಿಯುತ್ತದೆ. ವಿಮಾನ ನಿಲ್ದಾಣದಿಂದ ಅವಳನ್ನು ಕರೆತಂದವನು ತೋ. ಆಸ್ಪತ್ರೆಯಲ್ಲಿ ಅವಳ ಪಕ್ಕ ನಿಂತವನು ತೋ. ಅವಳು ಅಳಲಿಲ್ಲವಂತೆ. ಮಗನ ಹೆಸರನ್ನೂ ಹೇಳಲಿಲ್ಲವಂತೆ, 'ಅವನು', 'ಅವನ' ಎನ್ನುತ್ತಿದ್ದಳಂತೆ ಅಷ್ಟೇ. ಅವಳ ಕಣ್ಣೋ, ಒಣಗಿದ ಬಾವಿಯ ಹಾಗೆ.

ಠಾಣೆಯಲ್ಲಿ ನನ್ನನ್ನೂ ಕರೆಸಿದ್ದರು, ಕಂಡವಳೆಂದು. ಅವಳು ನನ್ನನ್ನು ಬಹಳ ಹೊತ್ತು ನೋಡಿ ಏನೋ ಕೇಳಿದಳು. ತೋ ನನ್ನ ಕಡೆ ತಿರುಗಿದ.

"ಅವನು ಒಬ್ಬನೇ ಇದ್ದನಾ ಅಂತ ಕೇಳ್ತಿದಾರೆ."

"ಇಲ್ಲಮ್ಮ, ನಾನಿದ್ದೆ ಅಂತ ಹೇಳು. ಕೈ ಹಿಡ್ಕೊಂಡಿದ್ದೆ ಅಂತ ಹೇಳು. ಅವನೂ ಹಿಡ್ಕೊಂಡಿದ್ದ, ಬಿಗಿಯಾಗಿ. ನಾನು ನಮ್ಮ ಭಾಷೇಲಿ ಏನೇನೋ ಮಾತಾಡ್ತಿದ್ದೆ, ಅವನಿಗೆ ತಿಳೀತೋ ಇಲ್ವೋ. ನೋವು ಅಂತ ಕೂಗ್ಲಿಲ್ಲ."

ಅವನು ಹೇಳಿದ. ಅರ್ಧದಲ್ಲಿ ಒಮ್ಮೆ ನಿಂತು, ಮತ್ತೆ ಮೊದಲಿಂದ ಹೇಳಿದ. ಆ ತಾಯಿ ನನ್ನ ಕೈಯನ್ನು ಎಳೆದುಕೊಂಡು, ಮಗುಚಿ, ಅಂಗೈಯನ್ನು ನೋಡಿದಳು. ನೋಡಿಯೇ ನೋಡಿದಳು. ಅಲ್ಲಿ ಎಣ್ಣೆ ಸಿಡಿದ ಕಲೆ ಬಿಟ್ಟರೆ ಇನ್ನೇನಿತ್ತು? ನನಗೆ ಅಳು ತಡೆಯಲಾಗಲಿಲ್ಲ.

ದಹನವಾಯಿತು. ಬೂದಿಯನ್ನು ಪುಟ್ಟ ಕುಡಿಕೆಯಲ್ಲಿಟ್ಟು ಬಿಳಿ ಬಟ್ಟೆ ಸುತ್ತಿ ಅವಳ ಕೈಗೆ ಕೊಟ್ಟರು. ಮರುದಿನ ಮಧ್ಯಾಹ್ನ ಅವಳ ವಿಮಾನ. ವಿಹಾರದ ಕಟ್ಟೆಯ ಮೇಲೆ ಎಲ್ಲರೂ ಕೂತಿದ್ದಾಗ ವಿಚಿಯೆನ್ ಅವಳ ಬಳಿ ಬಂದು, ಟೋಪಿ ತೆಗೆದು, ತೋಗೆ ಹೇಳಿದ, "ಅಮ್ಮನಿಗೆ ಹೇಳಪ್ಪ. ಚಿಂತೆ ಬೇಡ ಅನ್ನು. ರಸ್ತೆ ಹತ್ರ ಏಕ್‌ನ ಕರೆದಿದೀವಿ, ಕ್ರಮವಾಗಿ, ಭಿಕ್ಷುಗಳ ಸಮ್ಮುಖದಲ್ಲೇ. ಹುಡುಗ ಬಂದಿದಾನೆ."

ತೋ ಒಂದಕ್ಷರ ಬಿಡದೆ ಹೇಳಿದ. ಅವಳು ತಲೆಯೆತ್ತಿ ಏನೋ ಕೇಳಿದಳು.

"ಏಕ್ ಯಾರು ಅಂತಾರೆ."

"ಯಾರು ಅಂದ್ರೆ? ಅವರ ಮಗ!" ಎಂದ ವಿಚಿಯೆನ್. "ಪಾಸ್‌ಪೋರ್ಟಲ್ಲಿ ಮೊದಲ ಸಾಲಲ್ಲೇ ಇದೆಯಲ್ಲ, ಎಕ್‌ರೋತ್ ಅಂತ. ಅಷ್ಟುದ್ದ ಕರೆದ್ರೆ ಯಾರು ಬರ್ತಾರೆ? ಕರೆಯೋ ಹೆಸರು ಗೊತ್ತಿರ್ಲಿಲ್ಲ, ಅದಕ್ಕೇ ಏಕ್ ಅಂತ ಕರೆದೆ."

ನಮ್ಮಲ್ಲಿ ಇದು ಸಹಜ. ಎಲ್ಲರಿಗೂ ಎರಡು ಹೆಸರು, ಕಾಗದದಲ್ಲೊಂದು, ಬಾಯಲ್ಲೊಂದು. ಕಾಗದದ ಹೆಸರು ಹಿಡಿದು ಅಧಿಕಾರಿಗಳು ಬಿಟ್ಟರೆ ಯಾರೂ ಕರೆಯುವುದಿಲ್ಲ. ನನ್ನ ತಮ್ಮನ ಕಾಗದದ ಹೆಸರು ನನಗೇ ಥಟ್ಟನೆ ನೆನಪಾಗುವುದಿಲ್ಲ. ಇನ್ನು ಏಕ್ ಎಂಬ ಹೆಸರಿನ ಹುಡುಗರು ನಮ್ಮಲ್ಲಿ ಓಣಿಗೆ ನಾಲ್ಕು ಮಂದಿ. ಮೊದಲ ಸಾಲಿನಲ್ಲಿರುವುದು ಮನೆತನದ ಹೆಸರೆಂದೂ, ಮಗನ ಹೆಸರು ಕೆಳಗಿನ ಸಾಲಿನಲ್ಲಿದೆಯೆಂದೂ ವಿಚಿಯೆನ್‌ಗೆ ಹೊಳೆಯಲೇ ಇಲ್ಲ. ಮನೆತನದ ಹೆಸರನ್ನು ಯಾರು ಹಿಡಿದು ಕರೆಯುತ್ತಾರೆ, ಹೇಳಿ!

ಆ ತಾಯಿಗೆ ತೋ ಇದನ್ನೆಲ್ಲ ವಿವರಿಸಿದ. ಅವಳು ಮೊದಲು ನಕ್ಕಳು. ಆ ನಗು ನೋಡಿ ನಾನು ಎದ್ದು ನಿಂತೆ, ಅದು ನಗುವಾಗಿರಲಿಲ್ಲ. ಆಮೇಲೆ ಮಾತಾಡಿದಳು, ಬಂದ ದಿನದಿಂದ ಅಷ್ಟು ಮಾತನ್ನು ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ. ತೋ ಸಾಲು ಸಾಲಾಗಿ ನಮಗೆ ಹೇಳುತ್ತಾ ಹೋದ.

"ಎಕ್‌ರೋತ್ ಅನ್ನೋದು ಅವನ ಅಪ್ಪನ ಹೆಸರು. ಮಗು ತೊಟ್ಟಿಲಲ್ಲಿದ್ದಾಗ ಬಿಟ್ಟು ಹೋದ. ಮತ್ತೆ ಬಾಗಿಲಿಗೆ ಬರ್ಲಿಲ್ಲ. ಶಾಲೇಲಿ ಮೇಷ್ಟ್ರು ಎಕ್‌ರೋತ್ ಅಂತ ಕೂಗಿದ್ರೆ ಇವನು ತಿರುಗಿ ನೋಡ್ತಿರ್ಲಿಲ್ಲವಂತೆ. ಅದಕ್ಕೆ ಏಟೂ ತಿಂದಿದಾನೆ, ಹುಡುಗರ ಹತ್ರ. ಈ ಪ್ರಯಾಣ ಮುಗಿಸಿ ಬಂದು ಅಮ್ಮನ ಮನೆತನದ ಹೆಸರಿಗೆ ಬದಲಾಯಿಸ್ಕೋತೀನಿ ಅಂದಿದ್ನಂತೆ. ಆ ಹೆಸರು ಹಿಡಿದು ಕರೆದ್ರೆ ಅವನು ಬರೋದಿಲ್ಲ ಅಂತಾರೆ. ಇನ್ನೊಂದು ಕಡೆ ನಡ್ಕೊಂಡು ಹೋಗ್ತಾನೆ ಅಂತಾರೆ."

ವಿಚಿಯೆನ್ ಕಟ್ಟೆಯ ಮೇಲೆ ಕುಸಿದು ಕೂತ. ಟೋಪಿಯನ್ನು ತಿರುಗಿಸಿ ತಿರುಗಿಸಿ ಅದರ ಅಂಚನ್ನೇ ನೋಡಿದ. ಹಾಗಾದರೆ ಹುಡುಗ ಇನ್ನೂ ನನ್ನ ಅಂಗಡಿಯ ಕೆಳಗೇ ನಿಂತಿದ್ದಾನೆ. ನಾನು ದಿನವೂ ಕಾಫಿ ಸೋಸುವಾಗ ಅಲ್ಲೇ, ಆ ಬೇಲಿಯ ಬಳಿ, ಯಾರೋ ಅಪ್ಪನನ್ನು ಕರೆಯುತ್ತಿದ್ದಾರೆಂದು ಮುಖ ತಿರುಗಿಸಿಕೊಂಡು ನಿಂತಿದ್ದಾನೆ. ನಾಳೆ ಅವನ ಅಮ್ಮ ಬರೀ ಕುಡಿಕೆ ಹೊತ್ತು ಹೋಗುತ್ತಾಳೆ.

"ತೋ, ಅವಳಿಗೆ ಹೇಳು. ಅವಳೇ ಬಂದು ಕರೀಬೇಕು. ಮನೇಲಿ ಏನಂತ ಕರೀತಿದ್ಳೋ ಹಾಗೇ. ಹೆತ್ತೋಳು ಕರೆದ್ರೆ ಬರ್ತಾನೆ," ಎಂದೆ.

ಅವನು ಹೇಳಿದ. ಅವಳು ತಲೆಯಾಡಿಸಿದಳು, ಇಲ್ಲ ಎಂದು.

"ಇದನ್ನೆಲ್ಲ ನಂಬಲ್ಲ ಅಂತಾರೆ. ಮತ್ತೆ..." ತೋ ತಡೆದ. "ಆ ಹೆಸರು ಬಾಯಿಂದ ಹೊರಡೋದಿಲ್ಲ ಅಂತಾರೆ. ಫೋನ್ ಬಂದಾಗಿನಿಂದ ಪ್ರಯತ್ನ ಮಾಡಿದಾರಂತೆ. ಹೇಳಿದ್ರೆ ಮುಗಿದೇ ಹೋಗುತ್ತೆ ಅನ್ಸುತ್ತಂತೆ."

ಆ ಸಂಜೆ ನಾನು ಅವನ ಮೇಲೆ ಹರಿಹಾಯ್ದೆ. ಅನ್ನಕ್ಕಿಟ್ಟಿದ್ದೆ, ಅದು ಸೀದು ಹೋಯಿತು, ಅದಕ್ಕೂ ಸೇರಿಸಿ ಬೈದೆ. "ಅಷ್ಟು ಜನರಿಗೆ ಅಷ್ಟು ಮಾತು ಹೇಳ್ತೀಯ, ಒಬ್ಬ ತಾಯಿಗೆ ತಿಳಿಹೇಳೋಕೆ ಆಗಲ್ವಾ ನಿನಗೆ?"

"ನಾನು ಮಾತು ದಾಟಿಸೋನು ಮಾಲೈ. ಪುರೋಹಿತ ಅಲ್ಲ. ಅವರು ಆಗಲ್ಲ ಅಂದ್ರೆ ಆಗಲ್ಲ."

"ನೀನೂ ನಂಬಲ್ಲ, ಅದಕ್ಕೇ."

"ನಂಬಲ್ಲ," ಎಂದ. ಸೀದ ಅನ್ನದ ತಟ್ಟೆಯನ್ನು ಎಳೆದುಕೊಂಡು ತಿನ್ನತೊಡಗಿದ. ಕಪ್ಪಾದ ಕಡೆಯನ್ನು ತನಗೆ ಹಾಕಿಕೊಂಡು ಬೆಳ್ಳಗಿದ್ದುದನ್ನು ನನ್ನ ಕಡೆ ತಳ್ಳಿದ. ಇಂಥವನ ಜೊತೆ ಹೇಗೆ ಜಗಳವಾಡುವುದು, ನೀವೇ ಹೇಳಿ.

ಬೆಳಿಗ್ಗೆ ನಾನು ಅಂಗಡಿಯ ಪರದೆ ಎತ್ತುತ್ತಿದ್ದೆ. ಕೆಳಗೆ ಒಂದು ಟ್ಯಾಕ್ಸಿ ಬಂದು ನಿಂತಿತು. ಅವಳೇ. ಕುಡಿಕೆಯನ್ನು ಮಗುವಿನಂತೆ ಎದೆಗೆ ಅವಚಿಕೊಂಡಿದ್ದಳು. ನಿದ್ದೆ ಮಾಡಿದ ಮುಖವಲ್ಲ. ನನ್ನನ್ನು ನೋಡಿ ಬೇಲಿಯ ಕಡೆ ಕೈ ತೋರಿಸಿ, ಇಲ್ಲಿಯೇ ಎಂಬಂತೆ ಹುಬ್ಬೇರಿಸಿದಳು. ಹೌದೆಂದು ತಲೆಯಾಡಿಸಿ, ಗಂಡನಿಗೆ ಫೋನು ಮಾಡಿ, "ಇದ್ದ ಹಾಗೇ ಬಾ" ಎಂದೆ. ಇದ್ದ ಹಾಗೆ ಬರಲು ಅವನಿಗೆಲ್ಲಿ ಬರುತ್ತದೆ! ಕಪ್ಪು ಅಂಗಿ ತೊಟ್ಟು, ಪಟ್ಟಿ ಅಂಟಿಸಿಕೊಂಡೇ ಬಂದ.

ಊದುಬತ್ತಿ ಹಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಹುಲ್ಲಿನ ಮೇಲೆ ಮೊಣಕಾಲೂರಿದಳು. ಬಾಯಿ ತೆರೆದಳು, ಮುಚ್ಚಿದಳು. ತೆರೆದಳು, ಮುಚ್ಚಿದಳು. ಪ್ರವಾಸಿಗಳ ವ್ಯಾನೊಂದು ಮೇಲೆ ಹತ್ತಿ ಹೋಯಿತು. ಬೂದಿ ಉದುರಿ ಅವಳ ಬೆರಳಿನ ಮೇಲೆ ಬಿತ್ತು, ಅವಳು ಕೈ ಕದಲಿಸಲಿಲ್ಲ. ಆಮೇಲೆ, ಯಾರಿಗೋ ಗುಟ್ಟು ಹೇಳುವ ಹಾಗೆ ಒಂದು ಮಾತು ಬಂತು.

"ಬಾಸ್ಸೆ."

ಅಷ್ಟೇ. ಅಷ್ಟಕ್ಕೇ ಅವಳ ಭುಜ ಅಲುಗತೊಡಗಿತು. ಎರಡನೆಯ ಸಲ ದನಿ ಹೆಚ್ಚಾಯಿತು. ಮೂರನೆಯ ಸಲ ಅದು ಕೂಗಾಯಿತು. ಬಯಲಲ್ಲಿ ಆಡುವ ಹುಡುಗನನ್ನು ಅಡುಗೆಮನೆಯ ಕಿಟಕಿಯಿಂದ ಕೂಗುತ್ತಾರಲ್ಲ, ಹಾಗೆ, ಎಳೆದು, ರಾಗವಾಗಿ, ಸ್ವಲ್ಪ ಸಿಟ್ಟಿನಿಂದ. "ಬಾಸ್ಸೇ!" ಅದರ ಹಿಂದೆಯೇ ಅಳುತ್ತಾ ಏನೇನೋ ಗದರಿದಳು.

ನಾನು ತೋನ ತೋಳು ಹಿಡಿದು, "ಏನಂತಾಳೆ?" ಎಂದೆ.

"ಕತ್ತಲಾಗ್ತಾ ಬಂತು, ಇನ್ನೂ ಎಷ್ಟು ಹೊತ್ತು ಅಂತಾರೆ. ಊಟ ಆರಿ ಹೋಗ್ತಿದೆ, ಬಾ ಒಳಗೆ ಅಂತಾರೆ. ಕಾಲಲ್ಲಿ ಚಪ್ಪಲಿ ಇಲ್ವಲ್ಲೋ ಅಂತಾರೆ."

ನನ್ನ ಅಮ್ಮನೂ ಹೀಗೆಯೇ ಕೂಗುತ್ತಿದ್ದಳು, ಇದೇ ಮಾತು, ಇದೇ ಸಿಟ್ಟು. ಅಯ್ಯೋ, ಲೋಕದಲ್ಲಿ ಅಮ್ಮಂದಿರಿಗೆಲ್ಲ ಒಂದೇ ನಾಲಿಗೆಯೇನೋ.

ಅವಳ ಅಳು ಇಳಿದ ಮೇಲೆ ಎರಡು ನಾಣ್ಯ ಅವಳ ಕೈಗಿಟ್ಟೆ. ಯಾಕೆ, ಏನು ಎಂಬುದನ್ನು ತೋ ಹೇಳಿದ. ಆದರೆ ಯಾವುದು ಬಿದ್ದರೆ ಏನರ್ಥ ಎಂದು ಹೇಳಿರಲಿಲ್ಲ. ಅವಳು ಚಿಮ್ಮಿದಳು. ನಾನು ಬಗ್ಗಿ ನೋಡಿದೆ.

ಎರಡೂ ದೇಗುಲ.

ಅವಳು ನನ್ನನ್ನು ನೋಡಿದಳು, ನನ್ನ ಗಂಡನನ್ನು ನೋಡಿದಳು, ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗಿಯ ಹಾಗೆ. ಇನ್ನೊಂದು ಸಲ ಚಿಮ್ಮು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಬಗ್ಗಿ, ನಾಣ್ಯಗಳನ್ನು ಎತ್ತಿ ಜೇಬಿಗಿಳಿಸಿ, ಅವಳ ಮುಖ ನೋಡಿ, ಅವರ ಭಾಷೆಯಲ್ಲಿ ಎರಡೇ ಮಾತು ಹೇಳಿದ. ಅದಕ್ಕೆ ತರ್ಜುಮೆ ಬೇಕಾಗಿರಲಿಲ್ಲ. ಬಂದಿದಾನೆ ಎಂದಿದ್ದ. ಆ ಒಣಬಾವಿಯಂಥ ಕಣ್ಣಿಗೆ ನೀರು ಬಂದು ತುಂಬಿದ್ದನ್ನು ನಾನು ನೋಡಿದೆ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡೆ.

ವಿಮಾನ ನಿಲ್ದಾಣಕ್ಕೆ ನಾವೇ ಕರೆದುಕೊಂಡು ಹೋದೆವು. ಅವನು ಕಾರು ಓಡಿಸಿದ, ನಾನು ಅವಳ ಜೊತೆ ಹಿಂದೆ ಕೂತೆ. ಪ್ರತಿ ತಿರುವಿನಲ್ಲೂ ಅವಳು ಕುಡಿಕೆಯ ಕಡೆ ಬಗ್ಗಿ ಮಾತಾಡಿದಳು. ಕಾಲುವೆಯ ಸೇತುವೆ ಬಂದಾಗ ಕಿಟಕಿ ಇಳಿಸಿ, ಜೀವ ಸೇತುವೆ ದಾಟುವ ಸುಂಕವೆಂದು ಒಂದು ಬಾತ್ ನಾಣ್ಯ ಅವಳ ಕೈಗಿತ್ತು, ನೀರಿಗೆ ಎಸೆಯಲು ಸನ್ನೆ ಮಾಡಿದೆ. ಎಸೆದಳು. ಮತ್ತೆ ಮಗನಿಗೆ ಏನೋ ಹೇಳಿದಳು. ಆಮೇಲೆ ಅವಳ ಮಾತು ನಿಲ್ಲಲೇ ಇಲ್ಲ. ತೋ ಮುಂದಿನಿಂದ ಆಗಾಗ ಏನೋ ಕೇಳುತ್ತಿದ್ದ, ಅವಳು ಕೈ ಆಡಿಸಿ ಉತ್ತರ ಕೊಡುತ್ತಿದ್ದಳು. ಒಮ್ಮೆಯಂತೂ ಇಬ್ಬರೂ ನಕ್ಕರು. ನಾನು ಮಾತ್ರ ಕಲ್ಲಿನಂತೆ ಕೂತಿದ್ದೆ. ಯಾರಿಗೆ ಹೇಳುತ್ತಿದ್ದೀಯ ತಾಯಿ, ಅವನು ಕಾರಿನಲ್ಲಿಲ್ಲ. ನಿಲ್ದಾಣದ ಬಾಗಿಲ ಬಳಿ ಅವಳು ನನ್ನನ್ನು ಬಾಚಿ ತಬ್ಬಿಕೊಂಡಳು. ನಮ್ಮಲ್ಲಿ ಹಾಗೆ ತಬ್ಬಿಕೊಳ್ಳುವ ರೂಢಿಯಿಲ್ಲ. ಆದರೂ ತಬ್ಬಿಕೊಂಡೆ, ಮುಖ ತೋರಿಸಬೇಕಾಗಲಿಲ್ಲವಲ್ಲ ಎಂಬ ಸಮಾಧಾನಕ್ಕೆ.

ಅವಳು ಒಳಗೆ ಹೋದದ್ದೇ ತಡ, ಕಾರಿನಲ್ಲಿ ಶುರು ಮಾಡಿದೆ.

"ಎರಡೂ ದೇಗುಲ! ನೋಡಿದೆಯೋ ಇಲ್ವೋ?"

"ನೋಡಿದೆ."

"ಅದರರ್ಥ ಗೊತ್ತಿತ್ತೋ ಇಲ್ವೋ?"

"ನಿನ್ನ ಜೊತೆ ಇಷ್ಟು ವರ್ಷ ಬಾಳಿದೀನಿ. ಗೊತ್ತಿಲ್ದೆ ಏನು."

"ಗೊತ್ತಿದ್ದೂ ಸುಳ್ಳು ಹೇಳಿದೆಯಾ! ಠಾಣೇಲಿ ಕುಡುಕನ ಬೈಗುಳ ಸಹ ತೂಕ ಮಾಡಿ ಕೊಡೋನು, ಇಲ್ಲಿ ಸುಳ್ಳು ಹೇಳ್ತೀಯ! ಮೂರು ಸಲ ಕೇಳೋ ಪದ್ಧತಿ ಇದೆ. ಇನ್ನೆರಡು ಸಲ ಬಾಕಿ ಇತ್ತು. ಅಷ್ಟು ದಿನ ಮುನಿಸ್ಕೊಂಡು ನಿಂತಿರೋ ಹುಡುಗ, ಒಂದೇ ಕರೆಗೆ ಬರ್ತಾನಾ? ಇನ್ನೆರಡು ಸಲ ಕರೀಬೇಕಿತ್ತು!"

"ಮೂರು ಸಲವೂ ಒಲ್ಲೆ ಅಂದಿದ್ರೆ?"

ನಾನು ಕಿಟಕಿಯ ಗಾಜು ಇಳಿಸಿದೆ.

"ಆ ತಾಯಿ ಕರೆದದ್ದು ಕೇಳಿದೆಯಲ್ಲ ಮಾಲೈ. ಅಷ್ಟಾದ ಮೇಲೆ ಅವನು ಬರ್ಲಿಲ್ಲ ಅಂತ ನನ್ನ ಬಾಯಲ್ಲಿ ಹೇಳೋಕಾಗ್ಲಿಲ್ಲ. ಅದೊಂದು ಮಾತು ದಾಟಿಸೋಕಾಗ್ಲಿಲ್ಲ. ಬೈಯೋದಿದ್ರೆ ಬೈಯಿ."

ಬೈಯಲಿಲ್ಲ. ಆದರೆ ಮನಸ್ಸು ತಡೆಯಲಿಲ್ಲ. ಮನೆಗೆ ಹೋಗದೆ ಅಂಗಡಿಯಲ್ಲೇ ಇಳಿದೆ. ಬಂದ ಗಿರಾಕಿಗಳಿಗೆ ಸಕ್ಕರೆಯಿಲ್ಲದ ಕಾಫಿ ಕೊಟ್ಟೆ, ಬಾಳೆಹಣ್ಣು ಹೊತ್ತಿಸಿದೆ. ಬೇಲಿಯ ಕಡೆ ನೋಡಬಾರದೆಂದುಕೊಂಡು ಅಲ್ಲಿಗೇ ನೋಡಿದೆ. ಪಾಪದ ಹುಡುಗ. ಅಮ್ಮನ ದನಿ ಕೇಳಿ, ಕೊನೆಗೂ ಬಂದಳು ಎಂದು ತಿರುಗುವಷ್ಟರಲ್ಲಿ ಅವಳು ನಮ್ಮ ಕಾರಿನ ಕಡೆ ನಡೆದುಬಿಟ್ಟಿದ್ದರೆ? ಕುಡಿಕೆಯನ್ನು ಹೊತ್ತು ಹೋಗುವವಳ ಹಿಂದೆ ಓಡಿ, ಹಿಂದಿನಿಂದ ಕೂಗಿ, ಯಾರಿಗೂ ಕೇಳಿಸದೆ ಅಲ್ಲೇ ನಿಂತುಬಿಟ್ಟಿದ್ದರೆ? ಪರದೇಶದ ರಸ್ತೆ, ಗೊತ್ತಿಲ್ಲದ ಭಾಷೆ. ಬಿಸಿಲು ಕಡಲಿಗೆ ಇಳಿಯುವವರೆಗೂ ಇದೇ ಯೋಚನೆ.

ಪರದೆ ಇಳಿಸುವ ಹೊತ್ತಿಗೆ ಅವನ ಸ್ಕೂಟರಿನ ಸದ್ದಾಯಿತು. ಆ ದಿನ ಅವನಿಗೆ ಠಾಣೆಯ ಪಾಳಿಯಿರಲಿಲ್ಲ. ಆದರೂ ಸ್ನಾನ ಮಾಡಿ, ತಲೆ ಬಾಚಿ, ಕಪ್ಪು ಅಂಗಿ ಇಸ್ತ್ರಿ ಮಾಡಿ ತೊಟ್ಟು ಬಂದಿದ್ದ. ನನ್ನ ಕಡೆ ನೋಡದೆ ಡಬ್ಬದಿಂದ ಊದುಬತ್ತಿ ತೆಗೆದ. ಗಾಳಿಗೆ ಹಚ್ಚಲಾರದೆ ಕಡ್ಡಿಯ ಮೇಲೆ ಕಡ್ಡಿ ಗೀರಿದ. ಕೊನೆಗೆ ನಾನೇ ಅಂಗೈ ಅಡ್ಡ ಹಿಡಿದೆ. ಊದುಬತ್ತಿಯನ್ನು ಹುಲ್ಲಿನಲ್ಲಿ ನೆಟ್ಟು, ಮೊಣಕಾಲು ಮಡಿಸಲು ಹೋಗಿ ಆಗದೆ, ಎದ್ದು ನೆಟ್ಟಗೆ ನಿಂತ.

"ಏನ್ ಮಾಡ್ತಿದೀಯ? ನಂಬಲ್ಲ ಅಂದೆ?"

"ನಂಬಲ್ಲ," ಎಂದ. "ಆದ್ರೆ ದಾರಿ ತಪ್ಪಿದ ಪರದೇಶಿಗೆ ದಾರಿ ಹೇಳೋದು ನನ್ನ ಕೆಲಸ."

ಆಮೇಲೆ ಠಾಣೆಯಲ್ಲಿ ಸಾಲು ನಿಂತವರನ್ನು ಕರೆಯುವ ಗಟ್ಟಿ ದನಿಯಲ್ಲಿ, "ಬಾಸ್ಸೆ!" ಎಂದ. ಆಚೆಯ ಎಳನೀರಿನವಳು ತಿರುಗಿ ನೋಡಿದಳು. ಅವನಿಗೆ ನಾಚಿಕೆಯಿಲ್ಲ. ಬೇಲಿಯ ಕಡೆ ತಿರುಗಿ, ಒಬ್ಬ ಹುಡುಗ ಎದುರಿಗೇ ನಿಂತು ಕೇಳುತ್ತಿದ್ದಾನೆಂಬಂತೆ, ನಿಧಾನವಾಗಿ, ಬೆರಳು ಮಡಿಸಿ ಮಡಿಸಿ, ಎಡ ಬಲ ಕೈ ತೋರಿಸಿ ಹೇಳಿದ. ಒಂದೆಡೆ ನಿಂತು, ತಪ್ಪಾಯಿತೆಂದು ಸರಿಪಡಿಸಿಕೊಂಡು ಮತ್ತೆ ಹೇಳಿದ. ಕೊನೆಯ ಮಾತಿಗೆ ಬಂದಾಗ ಅವನ ದನಿ ಸಣ್ಣದಾಯಿತು. ಆಮೇಲೆ ಕಣ್ಣೊರೆಸಿಕೊಂಡ.

ನಾನು ಹತ್ತಿರ ಹೋಗಿ ಅವನ ಅಂಗಿಯ ತೋಳು ಹಿಡಿದೆ. "ಏನಂದೆ ಅವನಿಗೆ?"

"ಅಮ್ಮ ಮುಂದೆ ಹೋಗಿದಾಳೆ, ಗಾಬರಿ ಬೇಡ ಅಂದೆ. ಗುಡ್ಡ ಇಳಿದು ಎಡಕ್ಕೆ ಹೋಗು, ಸೇತುವೆ ದಾಟಿದ್ರೆ ವಿಮಾನ ನಿಲ್ದಾಣ, ಸರದಿಯಲ್ಲಿ ನಿಲ್ಲಬೇಕಾಗಿಲ್ಲ, ನಿನ್ನನ್ನ ಯಾರೂ ಪಾಸ್‌ಪೋರ್ಟ್ ಕೇಳಲ್ಲ, ಆ ಹೆಸರಿನ ತಂಟೇನೇ ಇಲ್ಲ ಅಂದೆ. ಸ್ಟಾಕ್‌ಹೋಮಲ್ಲಿ ಓಸ್ಲೋ ಕಡೆ ಹೋಗೋ ರೈಲು ಹತ್ತು ಅಂದೆ. ನಿದ್ದೆ ಮಾಡ್ಬೇಡ, ಆರ್ವಿಕಾದಲ್ಲಿ ಇಳೀದಿದ್ರೆ ಗಡಿ ದಾಟಿ ನಮ್ಮೂರಿಗೆ ಹೋಗ್ಬಿಡ್ತೀಯ, ಅಲ್ಲಿ ನಿನಗೆ ಯಾರೂ ಇಲ್ಲ, ಈಗ ನನಗೂ ಯಾರೂ ಇಲ್ಲ ಅಂದೆ."

"ಮತ್ತೆ?"

"ಮತ್ತೆ, ಸ್ಟೇಷನ್ನಿಂದ ಕೆರೆ ದಂಡೆ ಹಿಡಿದು ನಡಿ, ಹಳದಿ ಮನೆ, ನಿನಗೇ ಗೊತ್ತಲ್ಲ ಅಂದೆ. ಅವನು ಪ್ರಯಾಣ ಹೊರಟ ದಿನದಿಂದ ಅಮ್ಮ ಆ ಮನೆಗೆ ಚಿಲಕ ಹಾಕಿಲ್ವಂತೆ. ಇಲ್ಲಿಗೆ ಬರುವಾಗಲೂ ಹಾಕಿಲ್ಲ, ಇನ್ಮುಂದೂ ಹಾಕಲ್ಲ ಅಂತ ಕಾರಲ್ಲಿ ಹೇಳ್ತಿದ್ರು. ಅದಕ್ಕೇ, ಬಾಗಿಲು ತಟ್ಟಬೇಡ ಬಾಸ್ಸೆ, ತಳ್ಳು ಅಂದೆ."